ಹನೂರಿನ ಡೇರೆಯಲ್ಲಿ ತಪ್ಪಿದ ರೀಲು

ನಾನು ಅಳುಬುರುಕ. ಹಾಗೆಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಪಡಬೇಕಾದ ವಿಷಯ ಬೇರೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಸಿನಿಮಾದಲ್ಲಿ ತಾಯಿ ಒಂದು ಸಲ ಕೆಮ್ಮಿದರೆ ಸಾಕು, ನನ್ನ ಕೈ ಹೆಗಲ ಮೇಲಿನ ಟವೆಲಿಗೆ ಹೋಗುತ್ತದೆ. ಸಿನಿಮಾದ ತಾಯಂದಿರು ಸುಮ್ಮಸುಮ್ಮನೆ ಕೆಮ್ಮುವವರಲ್ಲ ಎಂಬುದು ನನಗೆ ಅನುಭವದಿಂದ ಗೊತ್ತು. ಹನೂರಿನ ಬಸ್ ನಿಲ್ದಾಣದ ಆಚೆ, ರಾಗಿ ಕೊಯ್ದ ಹೊಲದಲ್ಲಿ ಟೂರಿಂಗ್ ಟಾಕೀಸಿನ ಡೇರೆ ಎದ್ದಿತೆಂದರೆ ನನ್ನ ಮರ್ಯಾದೆಗೆ ಕಷ್ಟಕಾಲ ಶುರುವಾಯಿತೆಂದೇ ಅರ್ಥ. ಅಲ್ಲಿ ಇದ್ದುದು ಒಂದೇ ಮಿಷನ್ನು. ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವ ತನಕ ದೀಪ ಹಾಕುತ್ತಿದ್ದರು. ಆ ಬೆಳಕಿನಲ್ಲಿ ಮೂಗು ಒರೆಸಿಕೊಳ್ಳುತ್ತ ಕೂತ ನನ್ನನ್ನು ನೋಡಿ ಹಿಂದೆ ಕೂತವರು, "ಮೇಷ್ಟ್ರು ಸುರು ಮಾಡುದ್ರು ಕಣ್ಲಾ," ಎನ್ನುತ್ತಿದ್ದರು.

ನನಗೆ ಇನ್ನೊಂದು ರೋಗವೂ ಉಂಟು. ತಪ್ಪು ಕಂಡರೆ ತಿದ್ದದೆ ಇರಲಾರೆ. ಹನ್ನೆರಡು ವರ್ಷ ಸ್ಕೂಲಿನಲ್ಲಿ ಕೆಂಪು ಮಸಿ ಹಿಡಿದ ಕೈ, ಏನು ಮಾಡುವುದು! ನೆಂಟರು ತಂದುಕೊಟ್ಟ ಮದುವೆಯ ಕರೆಯೋಲೆಯನ್ನು ತಿದ್ದಿ ಅವರ ಕೈಗೇ ವಾಪಸು ಕೊಟ್ಟ ಭೂಪ ನಾನು. ಯಳಂದೂರಿನಲ್ಲಿ ಒಮ್ಮೆ ಹರಿಕಥೆಯ ನಡುವೆ ಎದ್ದು ನಿಂತು, ದಾಸರು ಯಾರನ್ನೋ ಯಾರಿಗೋ ಸೋದರಮಾವ ಮಾಡಿದ್ದನ್ನು ಸರಿಪಡಿಸಿದೆ. ಅವರು ತಾಳ ಕೆಳಗಿಟ್ಟು, ಕೈಮುಗಿದು, "ಮಿಕ್ಕಿದ್ದ ನೀವೇ ಯೋಳ್ಬುಡಿ ಸಾ," ಎಂದುಬಿಟ್ಟರು. ನನ್ನ ಹೆಂಡತಿ ಸಣ್ಣಮ್ಮ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ತೊಡೆಯ ಮೇಲೆ ಮಲಗಿದ್ದ ನಮ್ಮ ಮಗಳು ರತ್ನ ಎದ್ದು ಕೂತು, ಏಕೆಂದು ತಿಳಿಯದೆಯೇ ತಾನೂ ನಕ್ಕಳು.

ರತ್ನ ಆಮೇಲೆ ಹೆಚ್ಚು ದಿನ ಇರಲಿಲ್ಲ. ನಾಲ್ಕು ತುಂಬುವ ಮೊದಲೇ ಜ್ವರ ಬಂದು, ಐದೇ ದಿನದಲ್ಲಿ ಹೋಗಿಬಿಟ್ಟಳು.

ನಾನು ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆ. ಸಮಾಧಾನ ಹೇಳಲು ಬಂದವರೆಲ್ಲ ನನ್ನನ್ನೇ ಹಿಡಿದುಕೊಂಡರು. ಸಣ್ಣಮ್ಮ ಬಂದವರಿಗೆ ಚಾಪೆ ಹಾಸಿದಳು, ನೀರೊಲೆಗೆ ಸೌದೆ ಇಟ್ಟಳು. ಅಳಲಿಲ್ಲ. ತಿಂಗಳುಗಳು ಕಳೆದರೂ ಅಳಲಿಲ್ಲ, ನಗುವುದನ್ನಂತೂ ಮರೆತೇಬಿಟ್ಟಳು. ಎರಡು ತುತ್ತು ಉಂಡು ಎದ್ದುಬಿಡುವಳು. ರವಿಕೆಯ ತೋಳು ಸಡಿಲವಾಗುತ್ತ ಬಂದದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು. ನನ್ನ ಅವ್ವ ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದು, "ಅವ್ಳು ಒಂದ್ ತೊಟ್ಟು ಕಣ್ಣೀರಾಕ್ನಿಲ್ಲ ಕಣ್ಲಾ. ದುಕ್ಕ ಒಳ್ಗೇ ಕೂತ್ಕಂಡ್ರೆ ಆಳ್ನೇ ತಿಂದಾಕ್ಬುಡ್ತದೆ. ಎಂಗಾರಾ ಮಾಡಿ ಅಳ್ಸು," ಎಂದಳು. ಮಕ್ಕಳನ್ನು ಅಳಿಸುವುದರಲ್ಲಿ ನಾನು ಪಳಗಿದವನೇ. ಆದರೆ ಹೆಂಡತಿಯನ್ನು ಅಳಿಸುವುದು ಹೇಗೆಂದು ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ.

ನನಗೆ ಗೊತ್ತಿದ್ದ ಮದ್ದು ಸಿನಿಮಾ ಒಂದೇ. ಬೀದಿಯವರು, "ಕೂಸು ಓಗಿ ವರ್ಸ ಆಗ್ನಿಲ್ಲ, ಸಿನಿಮಾಕ್ಕೋಯ್ತಾವ್ರೆ," ಎಂದು ಆಡಿಕೊಂಡರೂ ಬಿಡಲಿಲ್ಲ. ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ, ಯಳಂದೂರಿಗೂ ಹೋದೆ. ವಿಧವೆ ತಾಯಿ, ಕುರುಡು ತಂಗಿ, ಜೈಲಿಗೆ ಹೋದ ಅಣ್ಣ, ಯಾರನ್ನೂ ಬಿಡದೆ ತೋರಿಸಿದೆ. ಡೇರೆಯಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ. ಪ್ರತಿ ರೀಲಿಗೂ ದೀಪ ಹತ್ತಿದ ಕೂಡಲೆ ನಾನು ಎದ್ದು ನಿಂತು, ಅವಳು ಅತ್ತಳೇ ಎಂದು ಆ ಕಡೆ ಇಣುಕುವುದು. "ಮೇಷ್ಟ್ರು ಎಣ್ಮಕ್ಳ ಕಡೆನೇ ನೋಡ್ತಾರೆ ಕಣ್ರಿ," ಎಂದು ಮ್ಯಾನೇಜರಿಗೆ ದೂರು ಹೋಯಿತು. ಇಷ್ಟಾದರೂ ಮನೆಗೆ ಬರುವ ದಾರಿಯಲ್ಲಿ ಸಣ್ಣಮ್ಮ, "ಆ ಅತ್ತೆ ಉಟ್ಟಿದ್ ಸೀರೆ ಚೆಂದಾಗಿತ್ತು," ಎನ್ನುವಳು. ನನ್ನ ಟವೆಲು ಹಿಂಡುವ ಹಾಗಿರುತ್ತಿತ್ತು. ಅವಳ ಸೆರಗು ಒಣಗಿಯೇ ಇರುತ್ತಿತ್ತು.

ಒಂದು ದಿನ ಹನೂರಿನಲ್ಲೇ, ಮೊದಲನೇ ಆಟ. ಸಿನಿಮಾದಲ್ಲಿ ಒಂದು ಹೆಣ್ಣುಮಗುವಿಗೆ ಕಾಯಿಲೆ. ಅಂಥ ಕಥೆಯೆಂದು ಮೊದಲೇ ಗೊತ್ತಿದ್ದರೆ ನಾನೇ ಕರೆತರುತ್ತಿರಲಿಲ್ಲ. ಡಾಕ್ಟರು ತಲೆ ಅಲ್ಲಾಡಿಸಿದರು, ಮಗು ಕಣ್ಣು ಮುಚ್ಚಿತು, ಡೇರೆಗೆ ಡೇರೆಯೇ ಗೊಳೋ ಎಂದಿತು. ದೀಪ ಹತ್ತಿತು. ಇಣುಕಿದರೆ ಸಣ್ಣಮ್ಮ ಬರೀ ಪರದೆಯನ್ನು ನೋಡುತ್ತ ನೆಟ್ಟಗೆ ಕೂತಿದ್ದಾಳೆ. ದೀಪ ಆರಿ ಮುಂದಿನ ರೀಲು ಓಡಿತು. ಬಾಗಿಲು ತೆರೆಯಿತು. ಸತ್ತ ಮಗು ಅದೇ ಲಂಗ ಹಾಕಿಕೊಂಡು ಓಡುತ್ತ ಬಂದು, "ಅಮ್ಮಾ, ಹೊಟ್ಟೆ ಹಸೀತಿದೆ," ಎಂದಿತು.

ಮೊದಲು ಹಾಕಬೇಕಾಗಿದ್ದ ರೀಲನ್ನು ಆಪರೇಟರು ಆಮೇಲೆ ಹಾಕಿದ್ದ. ಜನಕ್ಕೆ ಇನ್ನೂ ಹೊಳೆದಿರಲಿಲ್ಲ. ನನಗೆ ಹೊಳೆಯಿತು. ಎದ್ದು ನಿಂತು, ಕ್ಲಾಸಿನಲ್ಲಿ ಕೂಗುವ ಗಂಟಲಲ್ಲಿ, "ಏಯ್! ರೀಲು ತಪ್ಪಿದೆ, ನಿಲ್ಸಯ್ಯಾ!" ಎಂದೆ. ಜನ ನಕ್ಕರು, ಶಿಳ್ಳೆ ಹಾಕಿದರು. ಚಿತ್ರ ನಿಂತಿತು. ಆಗ ಗೋಡೆಯ ಆಚೆಯಿಂದ, ಸಾವಿನ ಮನೆಯಲ್ಲಿ ಕೇಳುವಂಥ ಒಂದು ಕೂಗು ಬಂತು. ಅದು ಯಾರ ದನಿಯೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಗೋಡೆ ಹಾರಿ ಹೋದೆ. ಅವತ್ತು ಯಾರೂ ದೂರು ಹೇಳಲಿಲ್ಲ.

ದಾರಿಯುದ್ದಕ್ಕೂ ಅವಳು ನನ್ನ ಟವೆಲಿಗೆ ಮುಖ ಒತ್ತಿಕೊಂಡು ಅತ್ತಳು. ನಾನೆಂಥ ಮಂಕನೆಂದರೆ, ಮದ್ದು ಹಿಡಿಯಿತಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಮನೆಯಲ್ಲಿ ಅವ್ವ ಕೊಟ್ಟ ನೀರು ಕುಡಿದು, ಸಣ್ಣಮ್ಮ ನನ್ನ ಕಡೆ ತಿರುಗಿದಳು.

"ನೀವ್ಯಾಕ್ ಕೂಗುದ್ರಿ?" ಎಂದಳು. "ಬಂದಿದ್ಲು. ಅಸ್ವು ಅಂದ್ಲು. ಇನ್ನೊಸಿ ವತ್ತು ಬುಟ್ಟಿದ್ರೆ ಅವ್ಳವ್ವ ಉಣ್ಣಕಿಕ್ತಿದ್ಲು."

ಸಣ್ಣಮ್ಮ ದಿನ ಕಳೆದಂತೆ ಹೊಟ್ಟೆ ತುಂಬ ಉಣ್ಣತೊಡಗಿದಳು, ನನ್ನನ್ನು ನೋಡಿ ನಗುವುದನ್ನೂ ಶುರುಮಾಡಿದಳು. ಡೇರೆ ಬಂದಾಗ ಈಗಲೂ ಇಬ್ಬರೂ ಹೋಗುತ್ತೇವೆ. ಅಪರೂಪಕ್ಕೆ ರೀಲು ತಪ್ಪುತ್ತದೆ, ಸತ್ತವರು ಎದ್ದು ಬಂದು ಮಾತಾಡುತ್ತಾರೆ. ಆಗ ನಾನು ಗಬಕ್ಕನೆ ಟವೆಲು ಎತ್ತಿಕೊಳ್ಳುತ್ತೇನೆ. "ಮೇಷ್ಟ್ರು ಸುರು ಮಾಡುದ್ರು ಕಣ್ಲಾ," ಎಂದು ಹಿಂದಿನವರು ನಗುತ್ತಾರೆ. ಆ ಟವೆಲು ಕಣ್ಣಿಗಲ್ಲ, ಬಾಯಿಗೆ ತುರುಕಿಕೊಳ್ಳುವುದಕ್ಕೆ ಎಂದು ಅವರಿಗೇನು ಗೊತ್ತು.