ಸಪಾಟು ದ್ವೀಪದ ಘಾಟಿ ಪಂಡಿತ

ಬೆಟ್ಟದ ವಿಷಯದಲ್ಲಿ ಅತಿ ಹೆಚ್ಚು ಮಾತಾಡುವವರು ಬೆಟ್ಟದಿಂದ ಅತಿ ದೂರ ಇರುವವರು ಎಂಬುದು ನನ್ನ ಅನುಭವ. ಅನುಭವ ಏಕೆಂದರೆ, ಹಾಗೆ ಮಾತಾಡುವವನು ನಾನೇ. ಬಹರೈನಿಗೆ ಬಂದು ತಲೆಕೂದಲು ಅರ್ಧ ಉದುರುವಷ್ಟು ಕಾಲವಾಯಿತು. ಈ ದ್ವೀಪದಲ್ಲಿ ಗುಡ್ಡ ಎಂದು ಕರೆಯಬಹುದಾದದ್ದು ಒಂದೇ ಒಂದು. ಅದರ ಎದುರಿಗೆ ನಿಂತುಕೊಂಡೇ ‘ಗುಡ್ಡ ಎಲ್ಲಿ’ ಎಂದು ಕೇಳಿದ ನೆಂಟರಿದ್ದಾರೆ. ರಿಫಾದ ಮನೆಯಿಂದ ಮನಾಮಾದ ಆಫೀಸಿಗೆ ಹೋಗುವಾಗ ನನ್ನ ಕಾರು ಹತ್ತುವ ಅತಿ ದೊಡ್ಡ ಏರು ಎಂದರೆ ಫ್ಲೈಓವರ್. ಆದರೂ ನಮ್ಮ ಕಡೆಯವರ ನಡುವೆ ನಾನು ಘಾಟಿ ರಸ್ತೆಯ ಪಂಡಿತ. ಕಾರಣ ಇಷ್ಟೇ, ನನ್ನ ಊರು ಉಪ್ಪಿನಂಗಡಿ. ಶಿರಾಡಿ ಘಾಟಿಯ ಕಡೆಯವನಿಗೆ ಘಾಟಿ ಗೊತ್ತಿಲ್ಲದೆ ಇರುತ್ತದೆಯೇ ಎಂದು ಜನ ತಾವಾಗಿಯೇ ತಿಳಿದರು. ನಾನು ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಬೆಂಗಳೂರಿಗೆ ಹೋಗುವಾಗೆಲ್ಲ ಬಸ್ಸು ಗುಂಡ್ಯ ದಾಟುವ ಮೊದಲೇ ನನಗೆ ನಿದ್ದೆ ಬಂದಿರುತ್ತಿತ್ತು. ಕಣ್ಣು ಬಿಟ್ಟರೆ ಸಕಲೇಶಪುರ. ನಡುವಿನ ತಿರುವುಗಳನ್ನೆಲ್ಲ ನಾನು ಕಂಡದ್ದು ಪಕ್ಕದವನ ಹೆಗಲಿಗೆ ತಲೆ ಬಡಿದಾಗ ಮಾತ್ರ.

ಈ ಪಾಂಡಿತ್ಯದಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಇಬ್ರಾಹಿಂ ಭಾವನ ಅಂಗಡಿ ಹೋಗುವವರೆಗೆ. ಭಾವ ಎಂದರೆ ನನ್ನ ಅಕ್ಕನ ಗಂಡ. ಮನಾಮಾದ ಹಳೆಪೇಟೆಯಾದ ಸೂಕ್‌ನಲ್ಲಿ ಅಬಾಯ ಎಂಬ ಹೆಂಗಸರ ಕಪ್ಪು ನಿಲುವಂಗಿ ಹೊಲಿಯುವ ಅಂಗಡಿ ಇಟ್ಟಿದ್ದರು. ಕಟ್ಟಡ ಕೆಡವುತ್ತೇವೆ, ಖಾಲಿ ಮಾಡಿ ಎಂದರು ಮಾಲೀಕರು. ಬೇರೆ ಕಡೆ ಜಾಗ ಸಿಗಲಿಲ್ಲ. ಕೊನೆಗೆ ಜಿದ್ದಾದಲ್ಲಿರುವ ಅವರ ಸಂಬಂಧಿಕರೊಬ್ಬರು ತಮ್ಮ ಅಂಗಡಿಯ ಹಿಂಭಾಗ ಬಿಟ್ಟುಕೊಡಲು ಒಪ್ಪಿದರು, ಒಂದೇ ಷರತ್ತು, ರಂಜಾನಿಗೆ ಮೊದಲು ಕೆಲಸ ಶುರುವಾಗಬೇಕು. ಹಬ್ಬದ ಹೊಲಿಗೆ ಕೈತಪ್ಪಿದರೆ ಅಬಾಯ ಹೊಲಿಯುವವನಿಗೆ ಆ ವರ್ಷವೇ ಹೋದ ಹಾಗೆ. ಅಕ್ಕ, ಮಕ್ಕಳು ವಿಮಾನದಲ್ಲಿ ಹೋಗಬಹುದು. ಹೊಲಿಗೆ ಮೆಷಿನುಗಳು? ಕಾರ್ಗೋದವರ ಕೈಗೆ ಕೊಡಲು ಭಾವ ಸುತಾರಾಂ ಒಪ್ಪಲಿಲ್ಲ. ಟ್ರೇಲರ್ ಒಂದನ್ನು ಹುಡುಕಿ ತಂದು ತಮ್ಮ ಹಳೆಯ ಜೀಪಿನ ಹಿಂದೆ ಕಟ್ಟಿದರು. ಮರುಭೂಮಿಯಲ್ಲಿ ಎಳೆದುಕೊಂಡು ಹೋಗುವುದು ದೊಡ್ಡ ಮಾತಲ್ಲ. ಆದರೆ ಜಿದ್ದಾಕ್ಕೆ ಮೊದಲು ತಾಯಿಫ್ ಇದೆ, ತಾಯಿಫ್ ಇರುವುದು ಬೆಟ್ಟದ ಮೇಲೆ. ಚಳಿಗಾಲದಲ್ಲಿ ಅಲ್ಲಿ ಮಂಜು, ಮಳೆ, ಕೆಲವೊಮ್ಮೆ ರಸ್ತೆಗೆ ಉರುಳುವ ಬಂಡೆ. ಇಳಿಯಲು ದಾರಿ ಎರಡು: ಹದಾ ಎಂಬ ಕಡಿದಾದ ದಾರಿ, ಸೈಲ್ ಎಂಬ ಸುತ್ತಿನ ದಾರಿ.

ಶುಕ್ರವಾರ ಸಂಜೆ ಭಾವ ನಮ್ಮ ಮನೆಗೆ ಬಂದರು. ಪಕ್ಕದ ಸನದ್‌ನಿಂದ ಗೆಳೆಯ ಡೆನ್ಜಿಲ್ ಕೂಡ ಬಂದಿದ್ದ. ಅವನದು ಬೆಳ್ತಂಗಡಿ, ಆದ್ದರಿಂದ ಅವನು ಚಾರ್ಮಾಡಿ ಘಾಟಿಯ ಪಂಡಿತ. ಜಗತ್ತಿನ ಯಾವ ಬೆಟ್ಟವನ್ನು ಕಂಡರೂ ನಾವು ಅದನ್ನು ಶಿರಾಡಿ ಅಥವಾ ಚಾರ್ಮಾಡಿ ಎಂದು ವಿಂಗಡಿಸುತ್ತೇವೆ. ಮೂರನೆಯ ಜಾತಿಯ ಬೆಟ್ಟ ನಮಗೆ ಗೊತ್ತಿಲ್ಲ.

“ಹದಾ ಅಂದ್ರೆ ನಮ್ಮ ಚಾರ್ಮಾಡಿಯ ಹಾಗೆ. ಬೇಗ ಮುಗೀತದೆ,” ಎಂದ ಡೆನ್ಜಿಲ್.

“ಎಂತ ಮುಗಿಯುದು? ಅಲ್ಲಿ ಲಾರಿ ಬಿಡುದಿಲ್ಲ. ಟ್ರೇಲರ್ ಕಂಡ್ರೆ ವಾಪಸ್ ಕಳಿಸ್ತಾರೆ,” ಎಂದೆ ನಾನು. “ಸೈಲ್ ಅಂದ್ರೆ ಶಿರಾಡಿ. ಲಾರಿಯ ದಾರಿ. ಕಣ್ಣು ಮುಚ್ಚಿ ಹೋಗ್ಬಹುದು.”

ಕಣ್ಣು ಮುಚ್ಚಿ ಹೋಗುವುದರಲ್ಲಿ ನನಗಿಂತ ಅನುಭವಿ ಯಾರೂ ಇರಲಿಲ್ಲ. ಹುರುಪು ಏರಿತು. ಇಳಿಜಾರಿನಲ್ಲಿ ಬ್ರೇಕು ಒತ್ತಿಹಿಡಿದರೆ ಹೇಗೆ ಕಾಯುತ್ತದೆ, ಕಾದು ಹೇಗೆ ಹಿಡಿತ ಬಿಡುತ್ತದೆ, ಬಿಟ್ಟ ಮೇಲೆ ಹಿಂದಿನ ಭಾರ ಮುಂದಿನ ಗಾಡಿಯನ್ನು ಹೇಗೆ ದೂಡಿಕೊಂಡು ಹೋಗುತ್ತದೆ ಎಂದು ವರ್ಣಿಸಿದೆ. ಪ್ರಪಾತಕ್ಕೆ ಬೀಳುವ ಲಾರಿಯನ್ನು ಖರ್ಜೂರದ ಡಬ್ಬಿ ಹಿಡಿದು ಮೇಜಿನ ಅಂಚಿನಿಂದ ಜಾರಿಸಿ ತೋರಿಸಿದೆ. ಡೆನ್ಜಿಲ್ ನಕ್ಕ. ಭಾವ ಬಗ್ಗಿ ಡಬ್ಬಿಯನ್ನು ಎತ್ತಿ ಮೇಜಿನ ನಡುವೆ ಇಟ್ಟರು.

ಹೆಂಡತಿ ಝುಬೈದಾ ಅಡುಗೆಮನೆಯಿಂದ ಕರೆದಳು. ಹೋದೆ.

“ನಿಮಗೆ ತಲೆ ಸರಿ ಉಂಟಾ? ಭಾವನ ತಮ್ಮ ಹೋದದ್ದು ಎಲ್ಲಿ, ಮರೆತುಹೋಯ್ತಾ?”

ಲಾರಿ ಆಕ್ಸಿಡೆಂಟು ಎಂಬುದು ಗೊತ್ತಿತ್ತು. ಅಕ್ಕನ ಮದುವೆಗೂ ಮೊದಲಿನ ಸಂಗತಿ. ಅವನೇ ಓಡಿಸುತ್ತಿದ್ದ, ಮರ ಹೇರಿದ ಲಾರಿ, ಬ್ರೇಕು ಹಿಡಿಯಲಿಲ್ಲ, ಶಿರಾಡಿ. ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಊರಿನ ಹೆಸರು ಹೇಳದೆ ‘ಅಲ್ಲಿ’ ಎಂದಷ್ಟೇ ಹೇಳುತ್ತಿದ್ದರು. ಆ ಅಲ್ಲಿಯನ್ನು ನಾನು ಈಗತಾನೇ ಖರ್ಜೂರದ ಡಬ್ಬಿಯಲ್ಲಿ ಆಡಿ ತೋರಿಸಿ ಬಂದಿದ್ದೆ. ಹೊರಗೆ ಬಂದು ಕ್ರಿಕೆಟ್ಟಿನ ಮಾತು ತೆಗೆದೆ. ಆ ದಿನ ಎಲ್ಲಿಯೂ ಪಂದ್ಯವೇ ಇರಲಿಲ್ಲ.

ಭಾವ ಚಹಾ ಮುಗಿಸಿ ಎದ್ದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, “ಸೈಲ್‌ನಲ್ಲೇ ಹೋಗುವ. ನೀನೂ ಬಾ. ಘಾಟಿ ಗೊತ್ತಿದ್ದವ ಒಬ್ಬ ಜೊತೆಗೆ ಬೇಕು,” ಎಂದರು.

ರಜೆ ಸಿಗುವುದಿಲ್ಲ ಎಂದು ಹೇಳಬಹುದಿತ್ತು. ನನ್ನ ಮ್ಯಾನೇಜರ್ ಸಾಮಾನ್ಯವಾಗಿ ತಂದೆ ಸತ್ತರೂ ಯೋಚಿಸಿ ನೋಡುತ್ತೇನೆ ಎನ್ನುವ ಮನುಷ್ಯ. ಈ ಸಲ ಮಾತ್ರ ನಗುತ್ತಾ ಸಹಿ ಹಾಕಿದ.

ಕಾಸ್‌ವೇ ಎಂಬ ಸಮುದ್ರದ ಸೇತುವೆ ದಾಟಿ, ರಿಯಾದ್ ಹಿಂದೆ ಹಾಕಿ, ಒಂದು ರಾತ್ರಿ ತಾಯಿಫ್‌ನಲ್ಲಿ ತಂಗಿದೆವು. ದಾರಿಯುದ್ದಕ್ಕೂ ಭಾವನೇ ಓಡಿಸಿದರು. ನಾನು ದಾರಿ ನೋಡುವ ನೆಪದಲ್ಲಿ ಫೋನಿನಲ್ಲಿ ಹವಾಮಾನ ನೋಡುತ್ತಿದ್ದೆ. ಅದು ಪ್ರತಿ ಸಲವೂ ಮೋಡವನ್ನೇ ತೋರಿಸುತ್ತಿತ್ತು. ಬೆಳಿಗ್ಗೆ ಊರು ದಾಟಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕನ್ನಡಿಯಲ್ಲಿ ನಮ್ಮ ಟ್ರೇಲರೇ ಕಾಣುತ್ತಿರಲಿಲ್ಲ. ಇಳಿಜಾರು ಶುರುವಾಗುವ ಮೊದಲು ಒಂದು ಪೆಟ್ರೋಲ್ ಬಂಕಿತ್ತು. ಭಾವ ಗಾಡಿ ನಿಲ್ಲಿಸಿದರು. ಇಳಿದು ಕಟ್ಟಿದ ಹಗ್ಗ ಎಳೆದು ನೋಡಿದರು, ಕೊಂಡಿ ನೋಡಿದರು, ಮತ್ತೆ ಹಗ್ಗ ನೋಡಿದರು. ಆಮೇಲೆ ನನ್ನ ಬದಿಯ ಬಾಗಿಲು ತೆರೆದು ಕೀ ಕೊಟ್ಟರು.

“ನನ್ನಿಂದ ಆಗುದಿಲ್ಲ. ನೀನು ಇಳಿಸು.”

ಕೀ ಕೊಟ್ಟ ಕೈಯನ್ನು ಜೇಬಿನೊಳಗೆ ಅಡಗಿಸಿದರು. ಸೂಜಿಯ ಕಣ್ಣಿಗೆ ಕನ್ನಡಕವಿಲ್ಲದೆ ನೂಲು ಪೋಣಿಸುವ ಕೈ ಅದು. ನನಗೆ ಘಾಟಿ ಗೊತ್ತಿಲ್ಲ ಭಾವ, ನಾನು ನಿದ್ದೆ ಮಾಡುತ್ತಿದ್ದೆ ಎಂದು ಹೇಳಲು ಅದೇ ಸರಿಯಾದ ಗಳಿಗೆ. ಬಾಯಿ ತೆರೆದೆ ಕೂಡ. ಅವರ ಮುಖ ನೋಡಿ ಮುಚ್ಚಿದೆ.

ಆ ಇಳಿತವನ್ನು ವರ್ಣಿಸುವ ಶಕ್ತಿ ನನಗಿಲ್ಲ. ರಸ್ತೆ ಅಗಲವಾಗಿಯೇ ಇತ್ತು, ಹೆದರುವಂಥ ಕೊರಕಲೇನೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಆಗ ಕಂಡದ್ದು ಬಾನೆಟ್ಟು, ಅದರಾಚೆ ಬರೀ ಬಿಳಿ. ಟ್ರೇಲರ್ ಹಿಂದಿನಿಂದ ಬೆನ್ನಿಗೆ ಕೈಯಿಟ್ಟು ದೂಡುತ್ತಿತ್ತು. ಗೇರು ಕೆಳಗಿಳಿಸಿ, ಬ್ರೇಕನ್ನು ಮುಟ್ಟಿ ಬಿಟ್ಟು ಮುಟ್ಟಿ ಬಿಟ್ಟು, ಆಮೆಯೂ ಬೇಸರಪಡುವಷ್ಟು ನಿಧಾನಕ್ಕೆ ಇಳಿಸಿದೆ. ಹಿಂದಿನ ಲಾರಿಗಳು ಹಾರ್ನ್ ಬಾರಿಸಿ ನನ್ನ ವಂಶವನ್ನೆಲ್ಲ ನೆನೆದವು. ಚಳಿಯಲ್ಲೂ ಅಂಗಿ ಬೆನ್ನಿಗಂಟಿತ್ತು. ಭಾವ ಕಣ್ಣು ಮುಚ್ಚಿ ತುಟಿಯಲ್ಲೇ ದುಆ ಹೇಳುತ್ತಿದ್ದರು. ಯಾವಾಗ ಮಂಜು ಕಳಚಿತೋ ತಿಳಿಯಲಿಲ್ಲ. ಬಿಸಿಲು ಬಿದ್ದಿತ್ತು, ರಸ್ತೆ ಸಮವಾಗಿತ್ತು. ಬದಿಗೆ ತೆಗೆದು ನಿಲ್ಲಿಸಿದೆ.

ಭಾವ ಕಣ್ಣು ಬಿಟ್ಟರು. “ಮುಗೀತಾ?”

“ಮುಗೀತು ಭಾವ. ಎಷ್ಟು ನಿಧಾನ ಬಂದೆ ನೋಡಿ. ನಿಧಾನ ಇದ್ರೆ ಏನೂ ಆಗುದಿಲ್ಲ.” ಸೊಕ್ಕು ಆಗಲೇ ವಾಪಸ್ ಬಂದಿತ್ತು.

ಭಾವ ಬಾಗಿಲಿನ ಹಿಡಿಗೆ ಕೈ ಹಾಕಿದರು. “ನನ್ನ ತಮ್ಮನೂ ನಿಧಾನವೇ ಇಳಿಸ್ತಿದ್ದ,” ಎಂದರು. ಕೋಪವಿರಲಿಲ್ಲ, ಸುಮ್ಮನೆ ಹೇಳಿದರು. ಆಮೇಲೆ ಇಳಿದು ಮೆಷಿನುಗಳನ್ನು ನೋಡಲು ಹಿಂದಕ್ಕೆ ಹೋದರು. ನನಗೆ ಸ್ಟಿಯರಿಂಗಿನಿಂದ ಕೈ ತೆಗೆಯಲು ಆಗಲಿಲ್ಲ.

ರಂಜಾನಿಗೆ ಮೊದಲೇ ಅಂಗಡಿ ಶುರುವಾಯಿತು. ಮಂಜಿನಲ್ಲಿ ಟ್ರೇಲರ್ ಇಳಿಸಿದ ಸುದ್ದಿ ಅಕ್ಕನ ಫೋನಿನ ಮೂಲಕ ದ್ವೀಪವಿಡೀ ಹಬ್ಬಿ, ಚಳಿಗಾಲದಲ್ಲಿ ಆ ಕಡೆ ಹೊರಟವರೆಲ್ಲ ಈಗ ದಾರಿ ಕೇಳಲು ನಮ್ಮ ಮನೆಗೆ ಬರುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ನಿಜವಾಗಿ ತಿಳಿದವರು ಹೀಗೆಯೇ, ಹೆಚ್ಚು ಮಾತಾಡುವುದಿಲ್ಲ ಎಂದುಕೊಂಡು ಅವರು ನನ್ನನ್ನು ಮೊದಲಿಗಿಂತ ಹೆಚ್ಚು ನಂಬುತ್ತಿದ್ದಾರೆ.