ಕೊಡದ ಕೂಟಕ್ಕೆ ಅರಮನೆ ಕೈಜೋಡಿಸಿದ್ದು

ಈಗಿನ ಮಾತಲ್ಲ ಓದುಗ ಮಹಾಶಯರೇ, ಬಹುಕಾಲದ ಕೆಳಗೆ ತೃಣಪುರಿಯೆಂಬ ಒಂದು ರಾಜ್ಯವಿತ್ತು. ಅಲ್ಲಿ ಹಂಚು ಹೊದಿಸುವ ಹಕ್ಕು ಅರಮನೆಗೆ ಮಾತ್ರ. ಪ್ರಜೆಗಳದ್ದೆಲ್ಲ ಹುಲ್ಲಿನ ಸೂರು. ಬೇಸಿಗೆ ಬಂತೆಂದರೆ ಒಂದಲ್ಲ ಒಂದು ಕೇರಿ ಹೊತ್ತಿಕೊಳ್ಳುತ್ತಿತ್ತು. ಶ್ರೀಮನ್ಮಹಾರಾಜ ಪ್ರಶಸ್ತಿವರ್ಮರು ಉಪ್ಪರಿಗೆಯಲ್ಲಿ ನಿಂತು ತೀವ್ರ ಸಂತಾಪ ವ್ಯಕ್ತಪಡಿಸಿ ಊಟಕ್ಕೆ ದಯಮಾಡಿಸುತ್ತಿದ್ದರು.

ಸಂತಾಪಕ್ಕೆ ಬೆಂಕಿ ಆರುವುದಿಲ್ಲವೆಂದು ಮೊದಲು ಅರಿತವಳು ನೇಕಾರರ ಕೇರಿಯ ನಿಂಗಾಜಮ್ಮ. ತನ್ನ ಗುಡಿಸಲು ಸುಟ್ಟ ಮೇಲೆ ಆಕೆ ನೆರೆಮನೆಯ ದ್ಯಾವೀರಮ್ಮನನ್ನೂ ಕೇರಿಯ ಇತರ ಹೆಂಗಸರನ್ನೂ ಸೇರಿಸಿ 'ಕೊಡದ ಕೂಟ' ಕಟ್ಟಿದಳು. ಹೊಗೆ ಕಂಡರೆ ಕೊಡ ಹೊತ್ತು ಓಡುವುದು, ನೀರೆರಚುವುದು, ಮನೆಗೆ ಹೋಗಿ ಒಲೆ ಹಚ್ಚುವುದು. ಅವರಿಗೆ ಧ್ಯೇಯವಾಕ್ಯವಿರಲಿಲ್ಲ, ಲಾಂಛನವಿರಲಿಲ್ಲ. ಆದರೂ ಬೆಂಕಿ ಆರುತ್ತಿತ್ತು.

ಮೊದಮೊದಲು ಅರಮನೆಗೆ ಅನುಮಾನ. ಹೆಂಗಸರ ಹಿಂದೆ ಓಡಿದ ಗೂಢಚಾರರು ನೆನೆದು ಬಂದು, ಕೊಡಗಳಲ್ಲಿ ಇರುವುದು ನೀರೇ ಎಂದು ವರದಿ ಮಾಡಿದರು. ಆಮೇಲೆ ನೆರೆರಾಜ್ಯದ ರಾಯಭಾರಿಯೊಬ್ಬ ಕೂಟವನ್ನು ಹೊಗಳಿದ. ಮರುದಿನವೇ ಅಮಾತ್ಯ ಮಧುರಭಾಷಿಯ ಪಲ್ಲಕ್ಕಿ ಕೇರಿಗೆ ಬಂತು.

"ತಾಯೀ, ಪ್ರಭುಗಳು ತಮ್ಮೊಡನೆ ಕೈಜೋಡಿಸಲು ಇಚ್ಛಿಸಿದ್ದಾರೆ. ಇನ್ನು ನಾವು ಸಹಭಾಗಿಗಳು."

"ಅಂದ್ರೆ ನೀವೂ ಕೊಡ ಹೊರ್ತೀರಾ ಬುದ್ಧಿ?" ಎಂದಳು ನಿಂಗಾಜಮ್ಮ.

"ನಾವು ನೀತಿಯ ಭಾರ ಹೊರುತ್ತೇವೆ."

ಮಣ್ಣಿನ ಕೊಡಗಳು ಓಡುವಾಗ ಒಡೆಯುತ್ತಿದ್ದವು. ಅರಮನೆಯಿಂದ ಬಂದ ಹಿತ್ತಾಳೆ ಕೊಡ ಕಂಡು ಹೆಂಗಸರಿಗೆ ನಿಜಕ್ಕೂ ಸಂತೋಷವಾಯಿತು. ಕೊಡದ ಮೇಲೆ ಮಹಾರಾಜರ ಮುಖ ಕೆತ್ತಿತ್ತು. ಓಡುವಾಗ ಆ ಮುಖ ಮುಂದಕ್ಕೇ ಇರತಕ್ಕದ್ದೆಂದು ಆಜ್ಞೆಯಾಯಿತು. ಬಳಿಕ ಅರಮನೆಯ ಕೊಳದ ನೀರನ್ನೇ ಬಳಸತಕ್ಕದ್ದೆಂದಾಯಿತು. ಕೊನೆಗೆ, ಪ್ರತಿ ಅಗ್ನಿಶಮನಕ್ಕೂ ಅಮಾತ್ಯರೇ ಚಾಲನೆ ನೀಡತಕ್ಕದ್ದೆಂಬ ಮಾರ್ಗಸೂಚಿ ಹೊರಬಿತ್ತು. ಈ ನಡುವೆ ಹೆಂಗಸರು ಸಾಮರ್ಥ್ಯವರ್ಧನ ಕಾರ್ಯಾಗಾರಗಳಲ್ಲಿ ಕುಳಿತು, ಎಂದೂ ಕೊಡ ಹೊರದ ಪಂಡಿತರಿಂದ ಕೊಡ ಹೊರುವುದನ್ನು ಕಲಿತರು. ನಿಂಗಾಜಮ್ಮನಿಗೆ ವೇದಿಕೆಯ ಮೇಲೆ ಕುರ್ಚಿ ಸಿಕ್ಕಿತು. ಕುರ್ಚಿ ಹಿತವಾಗಿಯೇ ಇತ್ತು.

"ಅಕ್ಕಾ, ಬಾವಿ ಪಕ್ಕದಲ್ಲೇ ಅದೆ. ಕೊಳದ ತಂಕ ಯಾಕೆ ಓಡ್ಬೇಕು?" ಎಂದು ದ್ಯಾವೀರಮ್ಮ ಕೇಳಿದಳು.

"ಸುಮ್ಕಿರು ದ್ಯಾವೀ. ನಾವು ಒಳಗಿದ್ರೆ ತಾನೆ ನಾಳೆ ಏನಾದ್ರೂ ಬದಲಾಯಿಸಾಕಾಗೋದು?"

ಒಂದು ಮಧ್ಯಾಹ್ನ ಗಾಳಿ ಬಿರುಸಾಗಿತ್ತು. ನೇಕಾರರ ಕೇರಿಯಲ್ಲೇ ಕಿಡಿ ಹಾರಿ ದ್ಯಾವೀರಮ್ಮನ ಸೂರು ಹೊತ್ತಿಕೊಂಡಿತು. ಕೂಟದವರು ತುಂಬಿದ ಕೊಡ ಹಿಡಿದು, ಮಹಾರಾಜರ ಮುಖ ಮುಂದೆ ಮಾಡಿ, ಸಾಲಾಗಿ ನಿಂತರು. ಅಮಾತ್ಯರು ಇನ್ನೂ ಬಂದಿರಲಿಲ್ಲ. ದ್ಯಾವೀರಮ್ಮ ಕೊಡ ಎತ್ತಿದಾಗ ಅರಮನೆಯ ಕಾವಲುಗಾರ ಈಟಿ ಅಡ್ಡ ಹಿಡಿದ.

"ನಮ್ಮತ್ತೆ ಒಳಗವ್ಳೆ. ಅಕ್ಕಾ, ನೀನಾದ್ರೂ ಹೇಳು."

ನಿಂಗಾಜಮ್ಮ ರಸ್ತೆಯ ಕಡೆ ನೋಡಿದಳು. "ಬಂದೇ ಬಿಟ್ರು ಕಣೆ. ಅಗೋ, ಪಲ್ಲಕ್ಕಿ ಕಾಣ್ತಾ ಅದೆ."

ದ್ಯಾವೀರಮ್ಮ ಕೊಡ ಬಿಸುಟು ಒಳಗೆ ನುಗ್ಗಿದಳು. ಅತ್ತೆಯನ್ನು ಎಳೆದು ತಂದಾಗ ದ್ಯಾವೀರಮ್ಮನ ಎರಡೂ ಅಂಗೈಗಳ ಚರ್ಮ ಸುಲಿದಿತ್ತು. ಅಮಾತ್ಯರು ಆಗಮಿಸಿ, ಸ್ವಾಗತಗೀತೆ ಆಲಿಸಿ, ಪ್ರಾಸ್ತಾವಿಕ ನುಡಿಯಾಡಿ, ಅಷ್ಟರಲ್ಲಿ ಪೂರ್ತಿ ಉರಿದುಹೋಗಿದ್ದ ಕೇರಿಯ ಬೂದಿಯ ಮೇಲೆ ಒಂದು ಕೊಡ ನೀರು ಸುರಿದರು. ಅದು ಚುಂಯ್ ಎಂದಿತು. ಪರಿವಾರ ಚಪ್ಪಾಳೆ ತಟ್ಟಿತು.

"ಪ್ರಭೂ, ಆ ಕೇರಿಯಲ್ಲಿ ಈಗ ಹುಡುಕಿದರೂ ಒಂದು ಕಿಡಿ ಸಿಗದು," ಎಂದು ಮಧುರಭಾಷಿ ಆಸ್ಥಾನದಲ್ಲಿ ಅರಿಕೆ ಮಾಡಿದ.

"ನಮ್ಮ ಸಹಭಾಗಿತ್ವ ಫಲ ಕೊಟ್ಟಿತು," ಎಂದರು ಮಹಾರಾಜರು. ಕೇರಿಯನ್ನು ಸಂಪೂರ್ಣ ಅಗ್ನಿಮುಕ್ತವೆಂದು ಸಾರಿ, ತಮಗೆ ತಾವೇ 'ಅಗ್ನಿಶಮನ ಚಕ್ರವರ್ತಿ' ಎಂಬ ಬಿರುದನ್ನು ದಯಪಾಲಿಸಿಕೊಂಡರು. ನಿಂಗಾಜಮ್ಮ ಆಸ್ಥಾನ ಸಲಹೆಗಾರ್ತಿಯಾದಳು. ಆಕೆ ಏನೋ ಹೇಳಲು ಎದ್ದು ನಿಂತಳು. ವಂದನಾರ್ಪಣೆ ಶುರುವಾಗಿದ್ದರಿಂದ ಕುಳಿತಳು.

ಬಿರುದು ಪ್ರದಾನದ ಚಪ್ಪರ ಅಲಂಕರಿಸಲು ಮನೆಗೊಂದು ಸೀರೆ ಒಪ್ಪಿಸಬೇಕೆಂದು ಡಂಗುರ ಹೊಡೆಸಿದರು. ಅಂಗೈಗೆ ಬಟ್ಟೆ ಸುತ್ತಿಕೊಂಡು ದ್ಯಾವೀರಮ್ಮನೂ ಸಾಲಿನಲ್ಲಿ ನಿಂತಳು.

"ಮೈಮೇಲಿರೋದೊಂದೇ ಉಳ್ದಿರೋದು ಸ್ವಾಮಿ."

"ಮನೆ ಎಲ್ಲಿ?" ಎಂದು ರಾಜಭಟ ಕೇಳಿದ.

"ಮನೆ ಇಲ್ಲ."

"ಮನೆ ಇಲ್ಲದೋರಿಗೆ ರಿಯಾಯಿತಿ ಉಂಟಮ್ಮ. ಸೆರಗಷ್ಟೇ ಸಾಕು," ಎಂದು ಆತ ಕತ್ತರಿ ಕೈಗೆತ್ತಿಕೊಂಡ.