‘ಸ್ವಲ್ಪ’ ಎಂಬ ಅಳತೆಯನ್ನು ರದ್ದುಪಡಿಸಿರುವ ಬಗ್ಗೆ

ತೂಕ ಮತ್ತು ಅಳತೆ ತಪಾಸಣಾ ಕಚೇರಿ
ಸಂಖ್ಯೆ: ತೂಅ/ಕುಡಿತ/1/ಬಹಳ ತಡವಾಗಿ

ವಿಷಯ: ಕುಡಿತ ಕೈಮೀರುತ್ತಿರುವ ಲಕ್ಷಣಗಳನ್ನು ಸಕಾಲದಲ್ಲಿ ಗುರುತಿಸುವ ಬಗ್ಗೆ.

ಉಲ್ಲೇಖ: 1. ಹಿರಿಯ ನಿರೀಕ್ಷಕರ ಮೇಜಿನಲ್ಲಿ ದೊರೆತ ಗಾಜಿನ ಲೋಟ.
2. ಅವರ ಪತ್ನಿಯವರ ಪತ್ರ.

ಇಪ್ಪತ್ತಾರು ವರ್ಷ ಸೇವೆ ಸಲ್ಲಿಸಿ ‘ತಕ್ಕಡಿಯಣ್ಣ’ ಎಂದೇ ಹೆಸರಾಗಿರುವ ಹಿರಿಯ ನಿರೀಕ್ಷಕರು, ಮನೆಯಿಂದ ತಂದ ತಮ್ಮ ಲೋಟಕ್ಕೆ ತಾವೇ ಕಚೇರಿಯ ಮುದ್ರೆ ಒತ್ತಿ, ‘ಅರವತ್ತು ಮಿಲಿಲೀಟರ್, ಸರಿಯಿದೆ’ ಎಂದು ಪ್ರಮಾಣೀಕರಿಸಿರುವುದು ಕಂಡುಬಂದಿರುತ್ತದೆ. ಮರುತಪಾಸಣೆಯಲ್ಲಿ ಸದರಿ ಲೋಟವು ನೂರ ನಲವತ್ತು ಮಿಲಿಲೀಟರ್ ಹಿಡಿದಿರುತ್ತದೆ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:

1. ‘ಸ್ವಲ್ಪ’, ‘ಒಂಚೂರು’, ‘ಗಂಟಲು ಒದ್ದೆಯಾಗುವಷ್ಟು’ ಇವು ಮಾನ್ಯತೆ ಪಡೆದ ಅಳತೆಗಳಲ್ಲ. ಇವುಗಳನ್ನು ಬಳಸುವವರಲ್ಲಿ ಮೊದಲ ಲಕ್ಷಣ ಕಂಡಿದೆಯೆಂದು ಭಾವಿಸತಕ್ಕದ್ದು. ಅಡುಗೆಗೆ ಹಾಕುವ ಉಪ್ಪಿಗೆ ವಿನಾಯಿತಿ ನೀಡಲಾಗಿದೆ.

2. ‘ಇವತ್ತೊಂದಿನ ಅಷ್ಟೇ, ನಾಳೆಯಿಂದ ಮುಟ್ಟಲ್ಲ’ ಎಂಬ ಹೇಳಿಕೆ ಒಂದು ದಿನದ ಮಟ್ಟಿಗೆ ಮಾತ್ರ ಊರ್ಜಿತ. ಮರುದಿನ ನವೀಕರಿಸಲು ಅವಕಾಶವಿರುವುದಿಲ್ಲ.

3. ಬೇಸರಕ್ಕೆ, ಸಂತೋಷಕ್ಕೆ, ನೆಗಡಿಗೆ, ಗೆಳೆಯ ಬಂದದ್ದಕ್ಕೆ, ಅದೇ ಗೆಳೆಯ ಬಾರದ್ದಕ್ಕೆ ಒಂದೇ ಮದ್ದು ಎನ್ನುವವರನ್ನು ಗಮನಿಸತಕ್ಕದ್ದು. ನೆಗಡಿಯ ಕಾರಣ ನೀಡುವವರು ಮೂಗನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದು.

4. ಬೆಳಗ್ಗೆ ಹತ್ತಕ್ಕೇ ಪೆಪ್ಪರ್‌ಮಿಂಟಿನ ಪರಿಮಳ ಮೂರು ಮೇಜುಗಳಾಚೆ ತಲುಪಿದಲ್ಲಿ, ಅದನ್ನು ಹಲ್ಲಿನ ಕಾಳಜಿಯೆಂದು ಮೆಚ್ಚುವಂತಿಲ್ಲ.

5. ತಕ್ಕಡಿಯ ಮುಳ್ಳು ನಿಲ್ಲದಿದ್ದರೆ ಗಾಳಿಯನ್ನು ದೂರುವಂತಿಲ್ಲ. ಗಾಳಿಯ ಕಾರಣಕ್ಕೆ ಈಗಾಗಲೇ ಮೂರು ಕಿಟಕಿ ಮುಚ್ಚಿಸಿ, ಫ್ಯಾನನ್ನೂ ಬಿಚ್ಚಿಸಲಾಗಿದೆ. ಎಲ್ಲರೂ ಬೆವರುತ್ತಿದ್ದು, ಹಿರಿಯ ನಿರೀಕ್ಷಕರ ಕೈ ನಡುಗುತ್ತಲೇ ಇರುತ್ತದೆ.

6. ಲಕ್ಷಣಗಳು ಒಂದು ಹನಿಯೂ ಕುಡಿಯದವರಲ್ಲಿ ಹೆಚ್ಚಾಗಿ ಕಂಡುಬಂದಿವೆ. ಕಾವಲುಗಾರರು ಕೇಳಿದವರಿಗೆಲ್ಲ ‘ಅಣ್ಣ ಈಗಷ್ಟೇ ಹೊರಗೆ ಹೋದ್ರು’ ಎಂದದ್ದು. ಬೆರಳಚ್ಚುಗಾರ್ತಿಯವರು ಹಿರಿಯ ನಿರೀಕ್ಷಕರ ವರದಿಗಳನ್ನು ತಾವೇ ಊಹಿಸಿ ಮುಗಿಸಿದ್ದು. ಕೆಳಗೆ ಸಹಿ ಮಾಡಿರುವವರು, ಹಿರಿಯ ನಿರೀಕ್ಷಕರು ಹಿಂದಿನ ಕೋಣೆಯಲ್ಲಿ ಗೊರಕೆ ಹೊಡೆಯುವಾಗ, ಬಾಗಿಲಿಗೆ ‘ಸೂಕ್ಷ್ಮ ಅಳತೆ ನಡೆಯುತ್ತಿದೆ, ಸದ್ದು ಮಾಡಬೇಡಿ’ ಎಂಬ ಫಲಕ ತೂಗುಹಾಕಿದ್ದು. ಇವೆಲ್ಲ ಪ್ರೀತಿಯಿಂದಲೇ ನಡೆದಿವೆ. ಆದರೂ ತಪ್ಪಾಗಿರುತ್ತವೆ.

7. ಮುಂದಿನ ತಿಂಗಳು ಆಸ್ಪತ್ರೆಯ ಔಷಧಿ ತಕ್ಕಡಿಗಳ ತಪಾಸಣೆಯಿದೆ. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಯಾರದೋ ಪ್ರಾಣಕ್ಕೆ ಕುತ್ತು ಬರುತ್ತದೆ. ಹಿರಿಯ ನಿರೀಕ್ಷಕರ ಪತ್ನಿಯವರು ಬರೆದಿರುವುದು: ‘ನೀವೆಲ್ಲ ಸೇರಿ ಇವರನ್ನ ಕಾಪಾಡ್ತಿದೀವಿ ಅಂದ್ಕೊಂಡಿದೀರಿ. ನೀವು ಕಾಪಾಡ್ತಿರೋದು ಇವರ ಕುಡಿತಾನ.’ ಇದನ್ನು ಓದಿ ಕಚೇರಿಗೆ ನಾಚಿಕೆಯಾಗಿದೆ ಎಂದು ಈ ಮೂಲಕ ದಾಖಲಿಸಲಾಗಿದೆ.

8. ಹಿರಿಯ ನಿರೀಕ್ಷಕರು ಸೋಮವಾರದಿಂದ ಮೂರು ತಿಂಗಳು ಚಿಕಿತ್ಸೆಗೆ ತೆರಳತಕ್ಕದ್ದು. ಅವರು ಮರಳುವವರೆಗೆ ಮುದ್ರೆಯನ್ನು ಬೀಗದಲ್ಲಿಡಲಾಗುವುದು. ಅವರ ಕುರ್ಚಿ ಅವರದೇ. ಅದರ ಮೇಲೆ ಕಡತ ಪೇರಿಸುವುದನ್ನೂ ಟವೆಲ್ ಹಾಕಿ ಜಾಗ ಹಿಡಿಯುವುದನ್ನೂ ನಿಷೇಧಿಸಲಾಗಿದೆ. ಅವರನ್ನು ಬಿಟ್ಟುಬರಲು ಇಡೀ ಕಚೇರಿ ರಜೆ ಕೇಳಿದ್ದು, ಚೀಟಿ ಎತ್ತಿ ಇಬ್ಬರು ಮಾತ್ರ ಹೋಗತಕ್ಕದ್ದು. ದಾರಿಯಲ್ಲಿ ಅಳುವವರನ್ನು ಚೀಟಿಯಿಂದ ಕೈಬಿಡಲಾಗಿದೆ.

(ಸಹಿ)
ಕಚೇರಿಯ ಮುಖ್ಯಸ್ಥರು
(ತಕ್ಕಡಿ ಹಿಡಿಯಲು ತಕ್ಕಡಿಯಣ್ಣನಿಂದಲೇ ಕಲಿತವರು)

ಪ್ರತಿಗಳು:
1. ಕಾವಲುಗಾರರಿಗೆ, ನಿಜ ಹೇಳುವ ಅಭ್ಯಾಸಕ್ಕಾಗಿ.
2. ಫ್ಯಾನ್ ರಿಪೇರಿಯವರಿಗೆ, ತುರ್ತು ಕ್ರಮಕ್ಕಾಗಿ.
3. ಹಿರಿಯ ನಿರೀಕ್ಷಕರ ಪತ್ನಿಯವರಿಗೆ, ಕ್ಷಮೆ ಕೋರಿ.
4. ಹಿರಿಯ ನಿರೀಕ್ಷಕರಿಗೆ. ತಲುಪಿದ್ದಕ್ಕೆ ಸಹಿಯನ್ನು ಅವರೇ ಹಾಕತಕ್ಕದ್ದು. ಇನ್ನು ನಾವ್ಯಾರೂ ಹಾಕಿಕೊಡುವುದಿಲ್ಲ. ಸೊಟ್ಟಗಾದರೂ ಸ್ವೀಕರಿಸಲಾಗುವುದು.